ಕಪ್ಪು ಪುಡಿ ಅವರ ಹತ್ರ ಮೊದಲೇ ಇತ್ತು: ಸಿ.ಎನ್.ಆರ್. ರಾವ್ ಮತ್ತು 1986-87ರ ಸೂಪರ್‌ಕಂಡಕ್ಟರ್ ಪ್ರಕರಣ

ಸಿ.ಎನ್.ಆರ್. ರಾವ್ ಬಗ್ಗೆ ಬರೆಯೋರು ಹೆಚ್ಚಾಗಿ ಪ್ರಶಸ್ತಿ ಪಟ್ಟಿಯಿಂದಾನೇ ಶುರು ಮಾಡ್ತಾರೆ. ಭಾರತ ರತ್ನ, ಸಾವಿರದೈನೂರಕ್ಕೂ ಜಾಸ್ತಿ ಪೇಪರ್, ಅಷ್ಟು ಗೌರವ ಡಾಕ್ಟರೇಟ್, ಇಷ್ಟು ಅಕಾಡೆಮಿ. ಅದನ್ನ ಓದಿ ಮುಗಿಸಿದ್ರೆ ಕೈ ಮುಗಿಯಬೇಕು ಅನ್ಸತ್ತೆ ಹೊರತು ಒಬ್ಬ ಕೆಮಿಸ್ಟ್ರಿ ಪ್ರೊಫೆಸರ್ ಲ್ಯಾಬ್‌ನಲ್ಲಿ ಏನು ಮಾಡ್ತಾ ಇದ್ರು, ಯಾವ ಪ್ರಶ್ನೆ ಹಿಡ್ಕೊಂಡಿದ್ರು, ಎಲ್ಲಿ ಗೆದ್ರು ಎಲ್ಲಿ ಕೈ ತಪ್ಪಿತು ಅನ್ನೋದು ಒಂಚೂರೂ ತಿಳಿಯಲ್ಲ. ಹಾಗಾಗಿ ಅವರ ಇಡೀ ಜೀವನಚರಿತ್ರೆ ಬಿಟ್ಟು ಒಂದೇ ಸನ್ನಿವೇಶ ತಗೊಂಡಿದೀನಿ, 1986ರ ಕೊನೆಯಿಂದ 1987ರ ಏಪ್ರಿಲ್ ತನಕ. ನನ್ನ ಪ್ರಕಾರ ಅವರ ಸಂಶೋಧನೆಯ ರೀತಿ, ಅದರ ಬಲ, ಅದರ ಮಿತಿ, ಆಮೇಲೆ ಪಾಠದ ಬಗ್ಗೆ ಅವರು ಹಿಡಿದ ಹಠ, ಎಲ್ಲಾನೂ ಈ ಕೆಲವು ತಿಂಗಳಲ್ಲಿ ಸಿಗತ್ತೆ.

ಸನ್ನಿವೇಶ ಇಷ್ಟು. 1986ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್ ಹತ್ತಿರದ ಐಬಿಎಂ ಲ್ಯಾಬ್‌ನ ಬೆಡ್ನೋರ್ಜ್ ಮತ್ತು ಮ್ಯೂಲರ್ ಅನ್ನೋ ಇಬ್ಬರ ಪೇಪರ್ ಒಂದು ಜರ್ಮನ್ ಫಿಸಿಕ್ಸ್ ಜರ್ನಲ್‌ನಲ್ಲಿ ಬಂತು. ಬೇರಿಯಂ, ಲ್ಯಾಂಥನಮ್, ಕಾಪರ್, ಆಕ್ಸಿಜನ್ ಸೇರಿದ ಒಂದು ಆಕ್ಸೈಡು ಸುಮಾರು 30 ಕೆಲ್ವಿನ್ (ಅಂದ್ರೆ ಮೈನಸ್ 243 ಡಿಗ್ರಿ ಸೆಲ್ಸಿಯಸ್) ಹತ್ರ ಕರೆಂಟಿಗೆ ಇರೋ ತಡೆಯನ್ನ ಕಳ್ಕೊಳ್ಳೋಕೆ ಶುರು ಮಾಡತ್ತೆ, ಅಂದ್ರೆ ಸೂಪರ್‌ಕಂಡಕ್ಟರ್ ಆಗೋ ಸಾಧ್ಯತೆ ಇದೆ ಅಂತ. ಸೂಪರ್‌ಕಂಡಕ್ಟರ್ ಆಗೋ ಅತಿ ಹೆಚ್ಚಿನ ತಾಪಮಾನದ ದಾಖಲೆ ಅಲ್ಲಿ ತನಕ 23 ಕೆಲ್ವಿನ್, ಅದೂ 1973ರಿಂದ ಅಲ್ಲೇ ನಿಂತಿತ್ತು, ಅದೂ ನಯೋಬಿಯಂ-ಜರ್ಮೇನಿಯಂ ಅನ್ನೋ ಲೋಹದ್ದು. ಆಕ್ಸೈಡು ಅಂದ್ರೆ ಪಿಂಗಾಣಿ ಜಾತಿ, ಅದ್ರಲ್ಲಿ ಇದು ಆಗತ್ತೆ ಅಂತ ಬಹಳ ಜನ ನಂಬಿರ್ಲಿಲ್ಲ. ಡಿಸೆಂಬರ್ ಹೊತ್ತಿಗೆ ಟೋಕಿಯೋದವರೂ ಹ್ಯೂಸ್ಟನ್‌ನವರೂ ಹೌದು ಇದು ನಿಜ ಅಂದ್ರು. ಆಮೇಲೆ ಜಗತ್ತಿನ ಅರ್ಧ ಫಿಸಿಕ್ಸ್ ಲ್ಯಾಬ್‌ಗಳು ಬೇರೆ ಕೆಲಸ ಬಿಟ್ಟು ಇದರ ಹಿಂದೆ ಬಿದ್ವು.

ಇದರ ತಾಯಿಬೇರು ಲ್ಯಾಂಥನಮ್ ಕಾಪರ್ ಆಕ್ಸೈಡ್ ಅನ್ನೋ ಕಪ್ಪು ಪುಡಿ. ಇಲ್ಲೇ ಇರೋದು ನಮ್ಮ ಪ್ರಕರಣ, ಯಾಕಂದ್ರೆ ಈ ಪುಡಿಯ ಜಾತಿಯನ್ನ ರಾವ್ ಮತ್ತು ಅವರ ಸಹೋದ್ಯೋಗಿ ಪಿ. ಗಂಗೂಲಿ 1973ರಲ್ಲೇ ಅಳೆದು ಪೇಪರ್ ಮಾಡಿದ್ರು, 1984ರಲ್ಲಿ ಈ ಪದರಪದರದ ಆಕ್ಸೈಡುಗಳ ರಚನೆ ಮತ್ತು ಅಯಸ್ಕಾಂತೀಯ ಗುಣಗಳ ಮೇಲೆ ಮತ್ತೆ ಬರೆದಿದ್ರು. ಜಗತ್ತಿನಲ್ಲಿ ಈ ಪದಾರ್ಥದ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವರು ಕೆಲವೇ ಜನ, ಅದ್ರಲ್ಲಿ ಬೆಂಗಳೂರಿನವರು ಒಬ್ಬರು. ಆದ್ರೂ ಡಿಸ್ಕವರಿ ಬೇರೆಯವರದಾಯ್ತು.

ರಾವ್ ಈ ಆಕ್ಸೈಡುಗಳ ಹಿಂದೆ ಯಾಕೆ ಬಿದ್ದಿದ್ರು ಅಂತ ಮೊದ್ಲು ನೋಡ್ಬೇಕು. ಹುಟ್ಟಿದ್ದು ಬೆಂಗಳೂರಲ್ಲಿ, 1934. ಸೆಂಟ್ರಲ್ ಕಾಲೇಜಲ್ಲಿ ಬಿಎಸ್ಸಿ 1951ಕ್ಕೆ ಮುಗೀತು, ಆಗ 17 ವರ್ಷ. ಬನಾರಸ್‌ನಲ್ಲಿ ಎಂಎಸ್ಸಿ, ಅಮೆರಿಕದ ಪರ್ಡ್ಯೂನಲ್ಲಿ 1958ಕ್ಕೆ ಪಿಎಚ್‌ಡಿ, ಬರ್ಕ್ಲಿಯಲ್ಲಿ ಸ್ವಲ್ಪ ದಿನ, 1959ಕ್ಕೆ ವಾಪಸ್ಸು, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ) ಲೆಕ್ಚರರ್ ಆಗಿ. ಅಮೆರಿಕದಲ್ಲಿ ಮಾಡಿದ್ದು ಸ್ಪೆಕ್ಟ್ರೋಸ್ಕೊಪಿ, ಎಲೆಕ್ಟ್ರಾನ್ ಡಿಫ್ರಾಕ್ಷನ್ ಥರದ ಕೆಲಸ, ಅಂದ್ರೆ ಬೆಳಕು ಅಥವಾ ಎಲೆಕ್ಟ್ರಾನ್ ಹಾಯಿಸಿ ಅಣುಗಳ ರಚನೆ ತಿಳ್ಕೊಳ್ಳೋದು. ಅದೇ ಕೆಲಸವನ್ನ ಇಲ್ಲಿ ಮುಂದುವರಿಸ್ತೀನಿ ಅಂತ ಹಠ ಹಿಡಿದಿದ್ರೆ ಇನ್‌ಸ್ಟ್ರುಮೆಂಟಿಗೆ ಕಾಯ್ತಾನೇ ವಯಸ್ಸು ಕಳೀತಿತ್ತೇನೋ. ಅವರು ಸ್ಪೆಕ್ಟ್ರೋಸ್ಕೊಪಿ ಬಿಡ್ಲಿಲ್ಲ, ಆದ್ರೆ ಜೊತೆಗೆ ಇನ್ನೊಂದು ಕಡೆ ಕೈ ಹಾಕಿದ್ರು. 1961ರ ಒಂದು ಪೇಪರ್ ಇದೆ, ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ರೂಪ ಬಿಸಿ ಮಾಡಿದ್ರೆ ರೂಟೈಲ್ ರೂಪಕ್ಕೆ ಹೇಗೆ ತಿರುಗತ್ತೆ, ಎಷ್ಟು ವೇಗದಲ್ಲಿ ಅಂತ. ಈ ಕೆಲಸಕ್ಕೆ ಮುಖ್ಯವಾಗಿ ಬೇಕಾದ್ದು ಶುದ್ಧವಾದ ಬಿಳಿ ಪುಡಿ, ಒಂದು ಫರ್ನೇಸು, ಎಕ್ಸ್‌ರೇ ತೆಗೆಯೋ ವ್ಯವಸ್ಥೆ, ತಾಳ್ಮೆ.

ಇದನ್ನೇ ನಾನು ಅವರ ಕರಿಯರ್‌ನ ನಿಜವಾದ ತಿರುವು ಅನ್ನೋದು. ಸಾಲಿಡ್ ಸ್ಟೇಟ್ ಕೆಮಿಸ್ಟ್ರಿ (ಘನ ಪದಾರ್ಥಗಳ ಕೆಮಿಸ್ಟ್ರಿ) ಅಂದ್ರೆ ಆಗ ಕೆಮಿಸ್ಟ್ರಿಯವರು ಅಷ್ಟಾಗಿ ಲೆಕ್ಕಕ್ಕೇ ತಗೊಳ್ತಿರ್ಲಿಲ್ಲ, ಫಿಸಿಕ್ಸಿನವರು ಇದು ನಮ್ಮ ಜಾಗ ಅಂತಿದ್ರು, ಸೆರಾಮಿಕ್ಸಿನವರು ಇದು ಇಟ್ಟಿಗೆ ಸುಡೋ ಕೆಲಸ ಅಂತಿದ್ರು. ಯಾರಿಗೂ ಬೇಡವಾದ ಜಾಗದಲ್ಲಿ ಜನಜಂಗುಳಿ ಇರಲ್ಲ, ದೊಡ್ಡ ಮೆಷಿನ್ ಇಟ್ಕೊಂಡಿರೋರ ಜೊತೆ ಓಟದ ಪಂದ್ಯಾನೂ ಇರಲ್ಲ. 1963ಕ್ಕೆ ಹೊಸದಾಗಿ ಶುರುವಾಗಿದ್ದ ಐಐಟಿ ಕಾನ್ಪುರಕ್ಕೆ ಹೋದ್ರು, ಅಲ್ಲಿ ಡೈರೆಕ್ಟರ್ ಕೇಳ್ಕರ್ ಅವರ ಕಾಲ, ಅಮೆರಿಕದ ಯೂನಿವರ್ಸಿಟಿಗಳ ಸಹಾಯವೂ ಇತ್ತು, ಕೆಮಿಸ್ಟ್ರಿ ಡಿಪಾರ್ಟ್‌ಮೆಂಟ್ ಕಟ್ಟಿದ್ರು. 1976ರಲ್ಲಿ ಸತೀಶ್ ಧವನ್ ಡೈರೆಕ್ಟರ್ ಆಗಿದ್ದಾಗ ಬೆಂಗಳೂರಿಗೆ ವಾಪಸ್ ಬಂದು ಸಾಲಿಡ್ ಸ್ಟೇಟ್ ಅಂಡ್ ಸ್ಟ್ರಕ್ಚರಲ್ ಕೆಮಿಸ್ಟ್ರಿ ಯೂನಿಟ್ ಶುರು ಮಾಡಿದ್ರು. 42ನೇ ವಯಸ್ಸಲ್ಲಿ ಚೆನ್ನಾಗಿ ನಡೀತಿರೋ ಡಿಪಾರ್ಟ್‌ಮೆಂಟ್ ಬಿಟ್ಟು ಮತ್ತೆ ಖಾಲಿ ಜಾಗದಿಂದ ಶುರು ಮಾಡೋದು ಅಷ್ಟು ಸುಲಭದ ನಿರ್ಧಾರ ಅಲ್ಲ. ಕಾನ್ಪುರದಲ್ಲಿ ಹಿಡಿದ ಪ್ರಶ್ನೆಗಳನ್ನ ಮಾತ್ರ ಜೊತೇಲೇ ತಂದ್ರು.

ಈ ಪುಡಿ ಮಾಡೋದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡಿದ್ರೆ ಮುಂದಿನ ಕಥೆ ಅರ್ಥ ಆಗತ್ತೆ. ಲ್ಯಾಂಥನಮ್ ಆಕ್ಸೈಡ್ ಬಿಳಿ ಪುಡಿ, ಕಾಪರ್ ಆಕ್ಸೈಡ್ ಕಪ್ಪು ಪುಡಿ. ಬಿಳಿಯದ್ದನ್ನ ಡಬ್ಬಿಯಿಂದ ತೆಗೆದು ಹಾಗೇ ತೂಕ ಹಾಕಿದ್ರೆ ಅಲ್ಲೇ ಎಡವಟ್ಟು, ಯಾಕಂದ್ರೆ ಅದು ಗಾಳಿಯಲ್ಲಿನ ನೀರು, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಹೀರ್ಕೊಂಡು ಕೂತಿರತ್ತೆ, ನೀವು ತೂಗಿದ್ದರಲ್ಲಿ ಒಂದಿಷ್ಟು ಲ್ಯಾಂಥನಮ್ಮೇ ಅಲ್ಲ. ಹಾಗಾಗಿ ಮೊದ್ಲು ಅದೊಂದನ್ನೇ ಚೆನ್ನಾಗಿ ಕಾಯಿಸಿ, ತಣ್ಣಗಾಗೋವಾಗ ತೇವ ತಾಗದ ಹಾಗೆ ಇಟ್ಟು, ತಕ್ಷಣ ತೂಗ್ಬೇಕು. ಆಮೇಲೆ ಎರಡನ್ನೂ ಅಗೇಟ್ ಮಾರ್ಟರ್‌ನಲ್ಲಿ (ಗಟ್ಟಿ ಕಲ್ಲಿನ ಪುಟ್ಟ ಒರಳು) ಕೈ ನೋಯೋ ತನಕ ಅರೆದು, ಒತ್ತಿ ಪೆಲೆಟ್ (ಬಿಲ್ಲೆ) ಮಾಡಿ, ಸಾವಿರ ಡಿಗ್ರಿ ಆಸುಪಾಸಲ್ಲಿ ಗಂಟೆಗಟ್ಟಲೆ ಸುಡೋದು, ತೆಗೆದು ಮತ್ತೆ ಪುಡಿ ಮಾಡಿ ಮತ್ತೆ ಸುಡೋದು. ದ್ರಾವಣದಲ್ಲಾದ್ರೆ ಅಣುಗಳು ಓಡಾಡಿ ತಾವೇ ಒಂದನ್ನೊಂದು ಹುಡುಕ್ಕೊಳ್ತವೆ, ಘನದಲ್ಲಿ ಹಾಗಲ್ಲ, ಅಕ್ಕಿ ರಾಗಿ ಒಂದೇ ಡಬ್ಬಿಗೆ ಹಾಕಿಟ್ರೆ ಅವು ತಾವಾಗೇ ಒಂದಾಗಲ್ವಲ್ಲ ಹಂಗೆ. ಕೊನೆಗೆ ಎಕ್ಸ್‌ರೇ ತೆಗೆದು ಎಲ್ಲಾ ಗೆರೆಗಳೂ ಒಂದೇ ರಚನೆಯದ್ದಾ, ಕಾಪರ್ ಆಕ್ಸೈಡ್ ಒಂದೆರಡು ಗೆರೆ ಇನ್ನೂ ಉಳ್ಕೊಂಡಿದೆಯಾ ನೋಡ್ಬೇಕು. ಉಳಿದಿದ್ರೆ ಮತ್ತೆ ಅರೆಯೋದು. ಈ ಕೆಲಸವನ್ನ ವರ್ಷಗಟ್ಟಲೆ ಮಾಡಿದ ಗುಂಪಿಗೆ ಒಂದು ಸ್ವಭಾವ ಬರತ್ತೆ: ಪದಾರ್ಥ ಶುದ್ಧ ಇಲ್ದೆ ಅದರ ಗುಣದ ಬಗ್ಗೆ ಬಾಯಿ ಬಿಡಬಾರದು. ಈ ಸ್ವಭಾವ ಮುಂದೆ ಬಹಳ ಕೆಲಸಕ್ಕೆ ಬರತ್ತೆ.

ಈಗ ಕೈ ತಪ್ಪಿದ್ದು ಹೇಗೆ ಅನ್ನೋ ಪ್ರಶ್ನೆ. ತುಂಬಾ ಜನ ಸುಲಭವಾಗಿ ಹೇಳೋದು, ಅಯ್ಯೋ ಪುಡಿ ಕೈಯಲ್ಲೇ ಇತ್ತು, ತಣ್ಣಗೆ ಮಾಡಿ ನೋಡಿದ್ರೆ ನೊಬೆಲ್ ಬರ್ತಿತ್ತು ಅಂತ. ಇದು ಸರಿಯಲ್ಲ. ಸರಿಯಾದ ಅನುಪಾತದಲ್ಲಿರೋ ಲ್ಯಾಂಥನಮ್ ಕಾಪರ್ ಆಕ್ಸೈಡನ್ನ ಎಷ್ಟೇ ತಣ್ಣಗೆ ಮಾಡಿದ್ರೂ ಅದು ಸೂಪರ್‌ಕಂಡಕ್ಟರ್ ಆಗಲ್ಲ. ಅದರಲ್ಲಿ ಪಕ್ಕಪಕ್ಕದ ಕಾಪರ್‌ಗಳ ಸ್ಪಿನ್ (ಎಲೆಕ್ಟ್ರಾನಿನ ಪುಟ್ಟ ಅಯಸ್ಕಾಂತದಂಥ ಗುಣ) ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಕಟ್ಟಿಹಾಕಿದ ಹಾಗೆ ಇರತ್ತೆ, ಕರೆಂಟು ಹರಿಯೋಕೆ ಜಾಗಾನೇ ಇಲ್ಲ. ಆ ಕಟ್ಟು ಸಡಿಲ ಆಗ್ಬೇಕಾದ್ರೆ ಮೂರು ಚಾರ್ಜ್ ಇರೋ ಲ್ಯಾಂಥನಮ್ಮನ್ನ ಸ್ವಲ್ಪ ತೆಗೆದು ಎರಡೇ ಚಾರ್ಜ್ ಇರೋ ಬೇರಿಯಮ್ಮೋ ಸ್ಟ್ರಾನ್ಷಿಯಮ್ಮೋ ಹಾಕ್ಬೇಕು, ಆಗ ಲೆಕ್ಕ ಸರಿಹೋಗೋಕೆ ಒಂದಿಷ್ಟು ಎಲೆಕ್ಟ್ರಾನ್ ಕಾಪರ್-ಆಕ್ಸಿಜನ್ ಪದರದಿಂದ ಹೊರಗೆ ಹೋಗತ್ತೆ, ಖಾಲಿ ಬಿದ್ದ ಜಾಗದಲ್ಲಿ ಕರೆಂಟು ಹರಿಯತ್ತೆ. ಅಂದ್ರೆ ಎರಡು ಕೆಲಸ ಒಟ್ಟಿಗೆ ಆಗ್ಬೇಕಿತ್ತು, ಬೇರಿಯಂ ಸೇರಿಸೋದು ಮತ್ತೆ ದ್ರವ ಹೀಲಿಯಂ ತಂಪಿನ (ಸುಮಾರು 4 ಕೆಲ್ವಿನ್) ತನಕ ಇಳಿಸಿ ಅಳೆಯೋದು.

ಇದ್ರಲ್ಲಿ ಬೆಂಗಳೂರಿನವರು ಒಬ್ಬರೇ ತಪ್ಪಿಸ್ಕೊಂಡದ್ದೂ ಅಲ್ಲ. ಫ್ರಾನ್ಸಿನ ಕಾನ್ ಊರಿನ ಬರ್ನಾರ್ಡ್ ರವೋ ಗುಂಪು ಬೇರಿಯಂ-ಲ್ಯಾಂಥನಮ್-ಕಾಪರ್ ಆಕ್ಸೈಡನ್ನೇ ಮಾಡಿ 1985ರಲ್ಲಿ ಪೇಪರ್ ಹಾಕಿತ್ತು, ಅದು ಲೋಹದ ಥರ ಕರೆಂಟು ಹರಿಸತ್ತೆ ಅಂತಾನೂ ಬರೆದಿತ್ತು. ಅವರು ಅಳೆದ ವ್ಯಾಪ್ತಿ 300 ಡಿಗ್ರಿಯಿಂದ ಸೊನ್ನೆಗಿಂತ 100 ಡಿಗ್ರಿ ಕೆಳಗಿನ ತನಕ. ಸೊನ್ನೆಗಿಂತ 100 ಕೆಳಗೆ ಅಂದ್ರೆ ಸುಮಾರು 173 ಕೆಲ್ವಿನ್, ಅಲ್ಲಿಂದ ಇನ್ನೂ ನೂರೈವತ್ತು ಇಳಿಬೇಕಿತ್ತು. ಅವರಿಗೆ ಬೇಕಿದ್ದದ್ದು ಆಕ್ಸಿಜನ್ ಹೀರೋ ಬಿಡೋ ಗುಣ, ಕೆಟಲಿಸ್ಟಿಗೆ (ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸೋ ಪದಾರ್ಥ) ಉಪಯೋಗ ಆಗೋ ಥರದ್ದು, ಅದಕ್ಕೆ ಬಿಸಿ ಕಡೆ ನೋಡ್ಬೇಕು, ತಣ್ಣಗಿನ ಕಡೆ ಅಲ್ಲ. ರಷ್ಯಾದವರು 1979ರಲ್ಲೇ ಸ್ಟ್ರಾನ್ಷಿಯಂ ಹಾಕಿದ್ದನ್ನ ಮಾಡಿದ್ರು, ಅಲ್ಲೂ ಇದೇ ಕಥೆ.

ಅಂದ್ರೆ ಕೆಮಿಸ್ಟ್‌ಗಳ ಮೂರು ಗುಂಪು ಮೂರು ದೇಶದಲ್ಲಿ ಬಾಗಿಲ ಹತ್ರ ಬಂದು ನಿಂತಿದ್ವು, ಒಳಗೆ ಹೋಗಿದ್ದು ಬೇರೆ ಪ್ರಶ್ನೆ ಹಿಡ್ಕೊಂಡು ಬಂದ ಇಬ್ಬರು. ಬೆಡ್ನೋರ್ಜ್ ಮತ್ತು ಮ್ಯೂಲರ್ 1983ರಿಂದ ಆಕ್ಸೈಡುಗಳಲ್ಲೇ ಸೂಪರ್‌ಕಂಡಕ್ಟರ್ ಹುಡುಕ್ತಾ ಇದ್ರು, ಮೊದ್ಲು ನಿಕ್ಕಲ್ ಆಕ್ಸೈಡುಗಳಲ್ಲಿ ತುಂಬಾ ದಿನ ಒದ್ದಾಡಿ ಏನೂ ಸಿಗದೆ ಕಾಪರ್ ಕಡೆ ತಿರುಗಿದ್ರು, ಆಗ ಬೆಡ್ನೋರ್ಜ್ ಕಣ್ಣಿಗೆ ಬಿದ್ದದ್ದು ಅದೇ ಫ್ರೆಂಚ್ ಪೇಪರ್. ಫ್ರೆಂಚರು ಮಾಡಿದ್ದನ್ನ ತಾವೂ ಮಾಡಿ ತಣ್ಣಗೆ ಮಾಡಿದ್ರು, ಅಷ್ಟೆ. ಅವರಿಗೆ ಸಿಕ್ಕಿದ್ದು ಶುದ್ಧ ಪದಾರ್ಥಾನೂ ಅಲ್ಲ, ಎರಡು ಮೂರು ಫೇಸ್, ಅಂದ್ರೆ ಬೇರೆ ಬೇರೆ ರಚನೆಯ ಪದಾರ್ಥಗಳು, ಮಿಕ್ಸ್ ಆಗಿದ್ದ ಸ್ಯಾಂಪಲ್ಲು. ಶುದ್ಧ ಇಲ್ದೆ ಬಾಯಿ ಬಿಡಬಾರದು ಅನ್ನೋ ಕೆಮಿಸ್ಟ್ ಸ್ವಭಾವದವರಾಗಿದ್ರೆ ಆ ಸ್ಯಾಂಪಲ್ಲನ್ನ ಅಳೆಯೋದಕ್ಕೆ ಮುಂಚೆ ಮತ್ತೆ ಫರ್ನೇಸಿಗೆ ಹಾಕ್ತಿದ್ರೇನೋ.

ನನ್ನ ಅಭಿಪ್ರಾಯ ಏನಂದ್ರೆ ರಾವ್ ಗುಂಪಿಗೆ ಇದು ಕೈ ತಪ್ಪಿದ್ದು ಸೌಕರ್ಯ ಇಲ್ಲದ್ದಕ್ಕೆ ಅಂತ ಹೇಳಿ ಮುಗಿಸೋದು ಅರ್ಧ ಸತ್ಯ. ಭಾರತದಲ್ಲಿ ದ್ರವ ಹೀಲಿಯಂ ಆಗ ಸುಲಭಕ್ಕೆ ಸಿಗೋ ವಸ್ತು ಆಗಿರ್ಲಿಲ್ಲ ನಿಜ. ಆದ್ರೆ ಫ್ರೆಂಚರಿಗೇನೂ ಆ ಕೊರತೆ ಇರ್ಲಿಲ್ವಲ್ಲ. ರಾವ್ ಕೇಳ್ತಾ ಇದ್ದ ಪ್ರಶ್ನೆ ಬೇರೆ: ಒಂದೇ ರಚನೆ ಇರೋ ಆಕ್ಸೈಡುಗಳಲ್ಲಿ ಒಂದು ಲೋಹದ ಥರ, ಇನ್ನೊಂದು ಇನ್ಸುಲೇಟರ್ (ಕರೆಂಟು ಹರಿಸದ ವಸ್ತು) ಥರ ಯಾಕೆ ವರ್ತಿಸತ್ತೆ, ಮಧ್ಯದ ಲೋಹ ನಿಕ್ಕಲ್ ಆದ್ರೆ ಏನು, ಕಾಪರ್ ಆದ್ರೆ ಏನು. ಅದು ಚಿಕ್ಕ ಪ್ರಶ್ನೆ ಏನಲ್ಲ, ದೊಡ್ಡದೇ. ಆದ್ರೆ ಆ ಪ್ರಶ್ನೆಗೆ ಉತ್ತರ ಸಿಗೋ ತಾಪಮಾನ ಬೇರೆ, ಸೂಪರ್‌ಕಂಡಕ್ಟಿವಿಟಿ ಕೂತಿದ್ದ ತಾಪಮಾನ ಬೇರೆ. ಏನು ಹುಡುಕ್ತೀರಾ ಅನ್ನೋದರ ಮೇಲೇ ಥರ್ಮಾಮೀಟರ್ ಎಲ್ಲಿ ತನಕ ಇಳಿಯತ್ತೆ ಅನ್ನೋದು ನಿರ್ಧಾರ ಆಗೋದು, ಇದರಲ್ಲಿ ಯಾರದ್ದೂ ದಡ್ಡತನ ಇಲ್ಲ.

ಈಗ ಪ್ರಕರಣದ ಎರಡನೇ ಭಾಗ, ನನಗೆ ಇದೇ ಜಾಸ್ತಿ ಇಷ್ಟ. 1987ರ ಜನವರಿಯಲ್ಲಿ ಬೆಂಗಳೂರಲ್ಲೇ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ಇತ್ತು, ವೇಲೆನ್ಸ್ ಫ್ಲಕ್ಚುಯೇಷನ್ (ಕೆಲವು ಘನ ಪದಾರ್ಥಗಳಲ್ಲಿ ಪರಮಾಣುವಿನ ಚಾರ್ಜ್ ಏರುಪೇರಾಗೋದು) ಅನ್ನೋ ವಿಷಯದ ಮೇಲೆ. ಅಲ್ಲಿಗೆ ಬಂದಿದ್ದ ಅಮೆರಿಕದ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಇದೇ ಲ್ಯಾಂಥನಮ್ ಕಾಪರ್ ಆಕ್ಸೈಡ್ ಬಗ್ಗೆ ತಮ್ಮ ಹೊಸ ಥಿಯರಿ ಮುಂದಿಟ್ರು. ಅಂದ್ರೆ ನಮ್ಮ ಊರಲ್ಲೇ ಗಾಳಿ ಬಿಸಿಯಾಗಿತ್ತು. ಮಾರ್ಚ್ ಮೊದಲ ವಾರದಲ್ಲಿ ಹ್ಯೂಸ್ಟನ್‌ನ ಪಾಲ್ ಚು, ಅಲಬಾಮಾದ ವೂ ಮತ್ತವರ ಗುಂಪಿನ ಪೇಪರ್ ಬಂತು, ಲ್ಯಾಂಥನಮ್ ಬದಲು ಯಿಟ್ರಿಯಂ ಹಾಕಿದ್ರೆ 90 ಕೆಲ್ವಿನ್ ದಾಟತ್ತೆ ಅಂತ. (ಇಲ್ಲೊಂದು ತಮಾಷೆ ಇದೆ, ಪೇಪರ್ ಕಳಿಸೋವಾಗ ಯಿಟ್ರಿಯಂ ಅಂತ ಇರಬೇಕಾದ ಕಡೆ ಯಿಟರ್ಬಿಯಂ ಅಂತ ಟೈಪ್ ಆಗಿತ್ತು, ಅಚ್ಚಿಗೆ ಹೋಗೋ ಮುಂಚೆ ಸರಿ ಮಾಡಿದ್ರು. ಬೇಕಂತಲೇ ಹಾಕಿದ್ದೋ ಕೈತಪ್ಪೋ ಅಂತ ಜನ ಆಮೇಲೂ ಮಾತಾಡ್ಕೊಂಡ್ರು.)

90 ಯಾಕೆ ಮುಖ್ಯ ಅಂದ್ರೆ ದ್ರವ ನೈಟ್ರೋಜನ್ ಕುದಿಯೋದು 77ರಲ್ಲಿ. ಅಲ್ಲಿ ತನಕ ಸೂಪರ್‌ಕಂಡಕ್ಟರ್ ನೋಡ್ಬೇಕಂದ್ರೆ 4 ಕೆಲ್ವಿನ್‌ನ ದ್ರವ ಹೀಲಿಯಂ ಬೇಕಿತ್ತು, ಈಗ ಥರ್ಮಾಸ್ ಫ್ಲಾಸ್ಕಲ್ಲಿ ತರಬಹುದಾದ ನೈಟ್ರೋಜನ್ ಸಾಕು.

ಆದ್ರೆ ಅಮೆರಿಕದವರ ಸ್ಯಾಂಪಲ್ಲೂ ಮಿಕ್ಸ್. ಸ್ವಲ್ಪ ಹಸಿರು, ಸ್ವಲ್ಪ ಕಪ್ಪು. ಇದ್ರಲ್ಲಿ ಸೂಪರ್‌ಕಂಡಕ್ಟರ್ ಯಾವುದು, ಹಸಿರಾ ಕಪ್ಪಾ, ಅದರ ಫಾರ್ಮುಲಾ ಏನು, ರಚನೆ ಏನು ಅಂತ ಗೊತ್ತಿರ್ಲಿಲ್ಲ. ಈಗ ಬೇಕಾಗಿದ್ದು ಹೊಸ ಭೌತಶಾಸ್ತ್ರ ಅಲ್ಲ, ಪುಡಿಗಳನ್ನ ಬೇರ್ಪಡಿಸಿ ಗುರುತಿಸೋ ಕೆಮಿಸ್ಟು. ಶುದ್ಧ ಇಲ್ದೆ ಬಾಯಿ ಬಿಡಬಾರದು ಅನ್ನೋ ಅದೇ ಸ್ವಭಾವ.

ರಾವ್ ಗುಂಪು ಎಲ್ಲಾ ಅನುಪಾತಗಳನ್ನೂ ಕುರುಡಾಗಿ ಮಾಡ್ತಾ ಕೂರ್ಲಿಲ್ಲ, ರಚನೆ ಕಡೆಯಿಂದ ಯೋಚಿಸ್ತು. ಕಾನ್ ಊರಿನವರು ಮೊದಲೇ ವರದಿ ಮಾಡಿದ್ದ ಒಂದು ಕುಟುಂಬ ಇತ್ತು, ಲ್ಯಾಂಥನಮ್ 3, ಬೇರಿಯಂ 3, ಕಾಪರ್ 6, ಆಕ್ಸಿಜನ್ 14. ಲ್ಯಾಂಥನಮ್ ಜಾಗಕ್ಕೆ ಯಿಟ್ರಿಯಂ ಹಾಕಿ, ಯಿಟ್ರಿಯಂ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬೇರಿಯಂ ಅಷ್ಟೇ ಜಾಸ್ತಿ ಮಾಡ್ತಾ ಹೋದ್ರೆ ಏನಾಗತ್ತೆ? ಯಿಟ್ರಿಯಂ 3ರಿಂದ 2ಕ್ಕೆ ಇಳಿದು ಬೇರಿಯಂ 3ರಿಂದ 4ಕ್ಕೆ ಏರಿದಾಗ ಸಿಗೋದು 2-4-6, ಅದನ್ನ ಎರಡರಿಂದ ಭಾಗಿಸಿ, 1-2-3. ಯಿಟ್ರಿಯಂ ಒಂದು, ಬೇರಿಯಂ ಎರಡು, ಕಾಪರ್ ಮೂರು, ಆಕ್ಸಿಜನ್ ಏಳು. ಇದೇ ಕಪ್ಪು ಪದಾರ್ಥ, ಇದೇ 90 ಕೆಲ್ವಿನ್ನಿನದ್ದು. ಹಸಿರಿನದ್ದು ಬೇರೆ ಅನುಪಾತದ ಇನ್ಸುಲೇಟರ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ರಾವ್, ಗಂಗೂಲಿ ಮತ್ತು ಸಂಗಡಿಗರ ಈ ಪೇಪರ್ 1987ರ ಏಪ್ರಿಲ್‌ನಲ್ಲಿ ನೇಚರ್ ಜರ್ನಲ್‌ನಲ್ಲಿ ಬಂತು. ಅದೇ ವಾರಗಳಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರೂ ಇನ್ನೂ ಕೆಲವರೂ ಸ್ವತಂತ್ರವಾಗಿ ಇದೇ ಉತ್ತರಕ್ಕೆ ಬಂದ್ರು, ಆದ್ದರಿಂದ ನಾವೇ ಫಸ್ಟು ಅಂತ ಧ್ವಜ ಹಾರಿಸೋದು ಬೇಡ. ಆದ್ರೆ ಜಗತ್ತಿನ ಅತ್ಯಂತ ದುಡ್ಡಿರೋ ಲ್ಯಾಬ್‌ಗಳ ಪಕ್ಕದಲ್ಲೇ ಬೆಂಗಳೂರಿನ ಒಂದು ಯೂನಿಟ್ಟು ಅದೇ ಹೊತ್ತಿಗೆ ಗೆರೆ ಮುಟ್ಟಿತು, ಅದು ಸಣ್ಣ ಮಾತಲ್ಲ.

ಲೆಕ್ಕ ಇಷ್ಟ ಇರೋರಿಗೆ ಒಂದು ವಿಷಯ. ಈ 1-2-3 ಮಾಡೋಕೆ ಯಿಟ್ರಿಯಂ ಆಕ್ಸೈಡ್ 1.129 ಗ್ರಾಂ, ಬೇರಿಯಂ ಕಾರ್ಬೊನೇಟ್ 3.947 ಗ್ರಾಂ, ಕಾಪರ್ ಆಕ್ಸೈಡ್ 2.386 ಗ್ರಾಂ ತೂಗ್ಬೇಕು, ಒಟ್ಟು ಸುಮಾರು ಏಳೂವರೆ ಗ್ರಾಂ. ಸುಟ್ಟಾಗ 0.88 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗತ್ತೆ, ಆಮೇಲೆ ಆಕ್ಸಿಜನ್ ಹರಿಸ್ತಾ ನಿಧಾನಕ್ಕೆ ತಣ್ಣಗೆ ಮಾಡಿದ್ರೆ ಸ್ವಲ್ಪ ಆಕ್ಸಿಜನ್ ಒಳಗೆ ಹೋಗಿ ಕೊನೆಗೆ 6.66 ಗ್ರಾಂ ಕಪ್ಪು ಪೆಲೆಟ್ ಸಿಗತ್ತೆ. ಆ ಕೊನೆಯ ಆಕ್ಸಿಜನ್ ಮೇಲೇ ಎಲ್ಲಾ ನಿಂತಿರೋದು. ಸುಮಾರು 950 ಡಿಗ್ರಿಯಲ್ಲಿ ಸುಟ್ಟು ಹಾಗೇ ಗಬಕ್ಕನೆ ಹೊರಗೆ ತೆಗೆದ್ರೆ ಆಕ್ಸಿಜನ್ 6ರ ಹತ್ರ ನಿಂತುಬಿಡತ್ತೆ, ಸೂಪರ್‌ಕಂಡಕ್ಟರೂ ಇಲ್ಲ ಏನೂ ಇಲ್ಲ, ಬರೀ ಇನ್ಸುಲೇಟರ್. ನೋಡೋಕೆ ಎರಡೂ ಕಪ್ಪೇ. 7ರ ಹತ್ರ ತರೋಕೆ 400-500 ಡಿಗ್ರಿ ಆಸುಪಾಸಲ್ಲಿ ಆಕ್ಸಿಜನ್ನಲ್ಲಿ ಹೊತ್ತು ಕಾಯ್ಬೇಕು. ಇದು ಆಕ್ಸೈಡುಗಳ ಜೊತೆ ಬಾಳಿದವರಿಗೆ ಬೆರಳ ತುದಿಯಲ್ಲಿರೋ ಜ್ಞಾನ, ಹೊಸದಾಗಿ ಓಡಿ ಬಂದ ಫಿಸಿಕ್ಸ್ ಗುಂಪುಗಳಲ್ಲಿ ಎಷ್ಟೋ ಜನಕ್ಕೆ ಮೊದಮೊದಲು ಸ್ಯಾಂಪಲ್ ಕೆಲಸ ಮಾಡದೆ ತಲೆ ಕೆಟ್ಟಿರೋದ್ರಲ್ಲಿ ಆಶ್ಚರ್ಯ ಇಲ್ಲ.

ಈ ಹೊತ್ತಿಗೆ ರಾವ್ ಬರೀ ಪ್ರೊಫೆಸರ್ ಅಲ್ಲ ಅನ್ನೋದನ್ನೂ ನೆನಪಿಡಿ. 1984ರಿಂದ ಇಡೀ ಇನ್‌ಸ್ಟಿಟ್ಯೂಟಿಗೆ ಡೈರೆಕ್ಟರ್, ಜೊತೆಗೆ ಪ್ರಧಾನಿ ರಾಜೀವ್ ಗಾಂಧಿಯವರ ವಿಜ್ಞಾನ ಸಲಹಾ ಮಂಡಳಿಯ ಮುಖ್ಯಸ್ಥರು, ದಿಲ್ಲಿ ಬೆಂಗಳೂರು ಓಡಾಟ. ಆ ಕುರ್ಚಿಗೆ ಹೋದ ಮೇಲೆ ಲ್ಯಾಬ್ ಮರೆತವರೇ ಜಾಸ್ತಿ, ಇವರು ಬಿಡ್ಲಿಲ್ಲ. ಹಾಗಂತ ಮಾರ್ಟರ್ ಹಿಡಿದು ಅರೆದವರು ಅವರೇ ಅಂತಲ್ಲ, ಗಂಗೂಲಿ ಥರದವರು, ಸ್ಟೂಡೆಂಟುಗಳು, ಟೆಕ್ನಿಷಿಯನ್ನುಗಳು ಹಗಲೂ ರಾತ್ರಿ ನಿಂತಿದ್ದಕ್ಕೇ ಏಪ್ರಿಲ್ ಒಳಗೆ ಮುಗಿದದ್ದು. ನಮ್ಮಲ್ಲಿ ಒಬ್ಬರ ಹೆಸರು ಹೇಳಿ ಉಳಿದವರನ್ನ ಮರೆಯೋ ಅಭ್ಯಾಸ ಸ್ವಲ್ಪ ಜಾಸ್ತಿ. ಪ್ರೊಫೆಸರ್ ಮಾಡಿದ್ದು ಏನಂದ್ರೆ ಆ ಗುಂಪು, ಆ ಫರ್ನೇಸು, ಆ ಸ್ವಭಾವ 1987ಕ್ಕೆ ಸಿದ್ಧವಾಗಿ ಇರೋ ಹಾಗೆ ಹನ್ನೊಂದು ವರ್ಷ ಮುಂಚೆಯೇ ಯೂನಿಟ್ ಕಟ್ಟಿದ್ದು.

1987ರ ಫಿಸಿಕ್ಸ್ ನೊಬೆಲ್ ಬೆಡ್ನೋರ್ಜ್-ಮ್ಯೂಲರ್‌ಗೆ ಬಂತು, ಪೇಪರ್ ಬಂದು ಸುಮಾರು ಒಂದು ವರ್ಷಕ್ಕೆ. ಅದು ನ್ಯಾಯವೇ. ರಾವ್‌ಗೆ ಅನ್ಯಾಯ ಆಯ್ತು ಅಂತ ಕೆಲವರು ಬರೀತಾರೆ, ನನಗೆ ಆ ವಾದ ಒಪ್ಪಿಗೆ ಇಲ್ಲ. ಪದಾರ್ಥ ಮೊದಲು ಮಾಡಿದವರು ಬೇರೆ, ಅದರಲ್ಲಿ ಏನಿದೆ ಅಂತ ಕೇಳಿದವರು ಬೇರೆ.

ಪಾಠದ ವಿಷಯಕ್ಕೆ ಬರೋಣ. 77 ಕೆಲ್ವಿನ್ ಗೆರೆ ದಾಟಿದ್ರಿಂದ ಆದ ಒಂದು ಲಾಭ ಇಂಡಸ್ಟ್ರಿಯವರಿಗಿಂತ ಮೊದ್ಲು ಟೀಚರ್‌ಗಳಿಗೆ ಸಿಕ್ತು. 1911ರಲ್ಲಿ ಕಂಡುಹಿಡಿದ ಒಂದು ವಿದ್ಯಮಾನವನ್ನ ಮುಕ್ಕಾಲು ಶತಮಾನ ಮಕ್ಕಳಿಗೆ ಬೋರ್ಡ್ ಮೇಲೆ ಗ್ರಾಫ್ ಬರೆದು ಮಾತ್ರ ಹೇಳ್ತಿದ್ರು, ಈಗ ಮೇಜಿನ ಮೇಲೆ ತೋರಿಸಬಹುದು. ಬಟನ್ ಸೈಜಿನ ಕಪ್ಪು ಪೆಲೆಟ್ಟನ್ನ ಥರ್ಮೋಕೋಲ್ ಬಟ್ಟಲಲ್ಲಿಟ್ಟು ನೈಟ್ರೋಜನ್ ಸುರಿದು, ಬುಸುಬುಸು ಕುದಿಯೋದು ನಿಂತ ಮೇಲೆ ಪುಟ್ಟ ಗಟ್ಟಿ ಮ್ಯಾಗ್ನೆಟ್ ಒಂದನ್ನ ಪ್ಲಾಸ್ಟಿಕ್ ಚಿಮಟದಲ್ಲಿ ತಂದು ಬಿಟ್ರೆ ಅದು ಗಾಳಿಯಲ್ಲೇ ನಿಲ್ಲತ್ತೆ, ಬೆರಳಲ್ಲಿ ತಳ್ಳಿದ್ರೆ ನಿಂತ ಜಾಗದಲ್ಲೇ ಗಿರಗಿರ ತಿರುಗತ್ತೆ. ಪೆಲೆಟ್ ಮೆಲ್ಲಗೆ ಬಿಸಿಯಾಗಿ 90 ದಾಟಿದ ತಕ್ಷಣ ಟಪ್ಪಂತ ಬೀಳತ್ತೆ. (ಸ್ಕೂಲಿನವರು ಪೆಲೆಟ್ ಕೊಂಡ್ಕೊಳ್ಳಿ, ಮಾಡೋಕೆ ಹೋಗ್ಬೇಡಿ, ಬೇರಿಯಂ ಕಾರ್ಬೊನೇಟ್ ವಿಷ. ನೈಟ್ರೋಜನ್ನಿಗೂ ಕನ್ನಡಕ, ಗಾಳಿ ಓಡಾಡೋ ರೂಮು ಬೇಕೇ ಬೇಕು.)

ರಾವ್ ಈ ಥರದ ಪಾಠಕ್ಕೆ ಬರೀ ಬಾಯಿಮಾತಲ್ಲಿ ಬೆಂಬಲ ಕೊಟ್ಟವರಲ್ಲ. 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಸೆಂಟರ್ ಶುರು ಮಾಡಿದಾಗ ಅದು ಬರೀ ಮುಂದುವರಿದ ಸಂಶೋಧನೆಯ ಜಾಗ ಆಗಬಹುದಿತ್ತು, ಆದ್ರೆ ಬೇಸಿಗೆಯಲ್ಲಿ ಕಾಲೇಜು ಹುಡುಗರು ಬಂದು ಲ್ಯಾಬಲ್ಲಿ ಕೆಲಸ ಮಾಡೋ ಫೆಲೋಶಿಪ್ಪು, ಆಮೇಲೆ ಎಜುಕೇಶನ್ ಟೆಕ್ನಾಲಜಿ ಯೂನಿಟ್ಟು, ಸ್ಕೂಲ್ ಮಕ್ಕಳಿಗೆ ಲೆಕ್ಚರು, ಎಲ್ಲಾ ಸೇರ್ಕೊಂಡ್ವು. ಶಾಲಾ ವಿಜ್ಞಾನದ ಈ ಕೆಲಸದಲ್ಲಿ ಅವರ ಹೆಂಡತಿ ಇಂದುಮತಿ ರಾವ್ ಅವರ ಪಾಲು ದೊಡ್ಡದು, ಪುಸ್ತಕ ಬರೆಯೋದ್ರಿಂದ ಹಿಡಿದು ಯೂನಿಟ್ ನಡೆಸೋ ತನಕ. ಆಮೇಲೆ ಮನಮೋಹನ್ ಸಿಂಗ್ ಕಾಲದಲ್ಲಿ ಮತ್ತೆ ಸಲಹಾ ಮಂಡಳಿ ಮುಖ್ಯಸ್ಥರಾದಾಗ ಬಿಎಸ್ಸಿ ಹಂತದಲ್ಲೇ ಹುಡುಗರು ಸಂಶೋಧನೆ ಮಾಡೋರ ಹತ್ರ ಕಲೀಬೇಕು ಅಂತ ಐಸರ್‌ಗಳು (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು) ಬಂದ್ವು, ಪುಣೆ ಮತ್ತು ಕೋಲ್ಕತ್ತಾದಲ್ಲಿ 2006ರಲ್ಲಿ ಮೊದಲನೆಯವು. ನಮ್ಮಲ್ಲಿರೋದು ಪರೀಕ್ಷೆ ವ್ಯವಸ್ಥೆ, ಶಿಕ್ಷಣ ವ್ಯವಸ್ಥೆ ಅಲ್ಲ ಅಂತ ಅವರು ಹೇಳಿದ್ದು ಪೇಪರ್‌ಗಳಲ್ಲಿ ಬಂದಿದ್ದು ಇದೇ ಅವಧಿಯಲ್ಲಿ.

ಅವರ ಈ ಮಾತಿಗೂ ನಮ್ಮ ಪ್ರಕರಣಕ್ಕೂ ನೇರ ಸಂಬಂಧ ಇದೆ ಅಂತ ನನಗೆ ಅನ್ಸತ್ತೆ. ನಮ್ಮ ಎಂಎಸ್ಸಿ ಪರೀಕ್ಷೆಯಲ್ಲಿ 1-2-3ರ ರಚನೆ ಬರೀರಿ, ಮೈಸ್ನರ್ ಪರಿಣಾಮ (ಸೂಪರ್‌ಕಂಡಕ್ಟರ್ ಅಯಸ್ಕಾಂತ ಕ್ಷೇತ್ರವನ್ನ ಹೊರಗೆ ತಳ್ಳೋದು) ವಿವರಿಸಿ ಅಂತ ಕೇಳ್ತಾರೆ, ಹುಡುಗರು ಬರೀತಾರೆ, ಮಾರ್ಕ್ಸು ಬರತ್ತೆ. ಕಾನ್ ಊರಿನವರು ಸೊನ್ನೆಗಿಂತ 100 ಡಿಗ್ರಿ ಕೆಳಗೆ ಯಾಕೆ ನಿಲ್ಲಿಸಿದ್ರು, ನೀವಾಗಿದ್ರೆ ಮುಂದೆ ಇಳಿಸ್ತಿದ್ರಾ, ಇಳಿಸೋಕೆ ಕಾರಣ ಏನು ಕೊಡ್ತಿದ್ರಿ ಅಂತ ಯಾರೂ ಕೇಳಲ್ಲ. ಕೇಳಿದ್ರೆ ಒಂದೇ ಉತ್ತರ ಇಲ್ಲ, ಕೀ ಆನ್ಸರ್ ಕೊಡೋಕಾಗಲ್ಲ, ವ್ಯಾಲ್ಯುಯೇಷನ್ ಕಷ್ಟ. ಕ್ಲಾಸಲ್ಲಿ ಮಾಡೋದಾದ್ರೆ ನಾನು ಹೀಗೆ ಮಾಡ್ತೀನಿ: 1986ರ ಹೆಸರೇ ಎತ್ತದೆ ಫ್ರೆಂಚ್ ಗುಂಪಿನ ಕರ್ವ್ ಒಂದನ್ನ, 300 ಡಿಗ್ರಿಯಿಂದ ಮೈನಸ್ 100ರ ತನಕ, ಹಾಳೆಯಲ್ಲಿ ಬರೆದು ಕೊಟ್ಟು, ನಿಮ್ಮ ಹತ್ರ ಒಂದು ವಾರದ ಲ್ಯಾಬ್ ಟೈಮ್ ಇದೆ, ಏನು ಅಳೀತೀರಾ ಅಂತ ಬಿಟ್ಟುಬಿಡೋದು. ಕೆಲವರು ಬಿಸಿ ಕಡೆ ಹೋಗ್ತಾರೆ, ಕೆಲವರು ಬೇರಿಯಂ ಬದಲು ಸ್ಟ್ರಾನ್ಷಿಯಂ ಅಂತಾರೆ, ಯಾರೋ ಒಬ್ಬರು ತಣ್ಣಗೆ ಮಾಡೋಣ ಅಂತಾರೆ. ಯಾಕೆ ಅಂತ ಕೇಳಿ. ಅಲ್ಲಿಂದ ಮುಂದಿನ ಒಂದು ಗಂಟೆ ಮಾತು ತಾನಾಗೇ ನಡಿಯತ್ತೆ.

ಪ್ರಕರಣ ಮುಗಿದ ಮೇಲಿನ ಸುದ್ದಿ ಬೇಗ ಹೇಳಿಬಿಡ್ತೀನಿ. ರಾವ್ ಗುಂಪು ಥಾಲಿಯಂ ಇರೋ ಕಾಪರ್ ಆಕ್ಸೈಡುಗಳ ಮೇಲೂ ಕೆಲಸ ಮಾಡ್ತು. 1993ರಲ್ಲಿ ಪಾದರಸ ಇರೋ ಕಾಪರ್ ಆಕ್ಸೈಡು 130 ಕೆಲ್ವಿನ್ ದಾಟ್ತು, ಅದು ಬೇರೆಯವರದ್ದು. ಇಷ್ಟೆಲ್ಲಾ ಆಗಿ ಕಾಪರ್ ಆಕ್ಸೈಡುಗಳು ಯಾಕೆ ಸೂಪರ್‌ಕಂಡಕ್ಟರ್ ಆಗ್ತವೆ ಅನ್ನೋದಕ್ಕೆ ಎಲ್ಲರೂ ಒಪ್ಪೋ ಥಿಯರಿ ಇನ್ನೂ ಬಂದಿಲ್ಲ. 1990ರ ದಶಕದಲ್ಲಿ ರಾವ್ ಮ್ಯಾಂಗನೀಸ್ ಆಕ್ಸೈಡುಗಳ ಕಡೆ ತಿರುಗಿದ್ರು, ಆಮೇಲೆ ಕಾರ್ಬನ್ ನ್ಯಾನೋಟ್ಯೂಬು, ಗ್ರಾಫೀನು. ಮ್ಯಾಂಗನೀಸ್ ಕೆಲಸದ ವಿಷಯದಲ್ಲಿ ಒಂದು ಮಾತು, ಅಲ್ಲೂ ಲ್ಯಾಂಥನಮ್ ಜಾಗಕ್ಕೆ ಎರಡು ಚಾರ್ಜಿನ ಕ್ಯಾಲ್ಸಿಯಮ್ಮೋ ಸ್ಟ್ರಾನ್ಷಿಯಮ್ಮೋ ಹಾಕೋದೇ ಮುಖ್ಯ ತಂತ್ರ, ಈ ಸಲ ಅವರ ಗುಂಪು ಅದನ್ನ ತಣ್ಣಗೂ ಮಾಡಿ, ಮ್ಯಾಗ್ನೆಟ್ ಒಳಗೂ ಇಟ್ಟು ಅಳೀತು.